ನಾವು ಜ್ವರ ಅಂತೀವಿ, ಅವರು ನಿದ್ದೆ ಅಂತಾರೆ

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗುವ ಎರಡು ದಿನ ಮುಂಚೆ ಬೆಂಗಳೂರಿನ ಪಿಜಿ ಖಾಲಿ ಮಾಡಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಊರು ಸೇರಿದ್ದೆ. ಮಳವಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಸಿಗ್ನಲ್ ನೆಟ್ಟಗೆ ಸಿಗುವುದು ತಾರಸಿ ಮೇಲೆ ಮಾತ್ರ. ಒಂದು ದಿನ ಅಲ್ಲೇ ನಿಂತು ಫೋನಿಗೆ "ನಿ ಹಾವ್, ನಿ ಹಾವ್" ಅಂತ ಹತ್ತು ಸಲ ಹೇಳ್ತಾ ಇದ್ದೆ. ಕೆಳಗೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಅಜ್ಜಿ ಕೂಗಿ ಕೇಳಿತು:

"ಯಾರಿಗಮ್ಮಿ ಆವು ಆವು ಅಂತ ಬೈತಾ ಇದ್ದೀಯೆ?"

"ಬೈತಾ ಇಲ್ಲ ಅಜ್ಜಿ. ಚೀನಾದವರ ಭಾಷೇಲಿ ನಮಸ್ಕಾರ ಅಂತ."

ಅಜ್ಜಿ ಬಾಯಿ ತುಂಬ ನಕ್ಕಿತು. ಪಕ್ಕದಲ್ಲಿ ಮುರಿದ ಚಂದ್ರಿಕೆಗೆ ಬಿದಿರು ಸೀಳು ಕಟ್ಟುತ್ತಿದ್ದ ಅಪ್ಪ ಮಾತ್ರ ನಗಲಿಲ್ಲ. ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದರು.

ಅಪ್ಪ ಯಾಕೆ ನಗಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ "ಚೀನಾ" ಅನ್ನುವುದು ಒಂದು ದೇಶದ ಹೆಸರಾಗಿರಲಿಲ್ಲ, ಒಂದು ನಷ್ಟದ ಹೆಸರಾಗಿತ್ತು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾದ ಬಿಳಿ ನೂಲು ಅಗ್ಗವಾಗಿ ಬರತೊಡಗಿತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಿದರು ನಿಜ. ಆದರೆ ಆ ಎರಡು ವರ್ಷದ ಮಧ್ಯೆಯೇ ನಾನು ಪಿಯುಸಿ ಮುಗಿಸಿ ಮಂಡ್ಯದಲ್ಲಿ ಇಂಜಿನಿಯರಿಂಗ್ ಸೇರಿದ್ದು. ಮೊದಲ ವರ್ಷದ ಫೀಸಿಗೆ ಅಮ್ಮನ ಎರಡೆಳೆ ಸರ ಹೋಯಿತು. ಅದನ್ನು ಬಿಡಿಸಿಕೊಳ್ಳಲು ಆಗಲೇ ಇಲ್ಲ. "ನಿಮ್ಮವ್ವನ ಸರ ಚೀನಾಗೆ ಹೋಯ್ತು" ಅಂತ ಅಪ್ಪ ಎಷ್ಟೋ ವರ್ಷ ಹೇಳುತ್ತಿದ್ದರು.

ಅಂಥ ಮನೆಯ ಮಗಳು ಚೀನೀ ಭಾಷೆ ಕಲಿಯೋಕೆ ಹೋಗಿದ್ದು ಯಾಕೆ?

ಕಾರಣ ದೊಡ್ಡದೇನಲ್ಲ. 2019ರಲ್ಲಿ ಆಫೀಸಿನಲ್ಲಿ ನಮ್ಮ ತಂಡಕ್ಕೆ ಶೆನ್ಜೆನ್‌ನ ಒಂದು ತಂಡದ ಜೊತೆ ಕೆಲಸ ಬಿತ್ತು. ದಿನಾ ಬೆಳಿಗ್ಗೆ ಕಾಲ್. ನಾವೊಂದು ಪ್ರಶ್ನೆ ಕೇಳಿದರೆ ಅವರವರೇ ಎರಡು ನಿಮಿಷ ಚೀನೀ ಭಾಷೆಯಲ್ಲಿ ಗುಜುಗುಜು ಮಾತಾಡಿ, ಕೊನೆಗೆ "ನೋ ಪ್ರಾಬ್ಲಂ" ಅನ್ನುತ್ತಿದ್ದರು. ಆ ಎರಡು ನಿಮಿಷದಲ್ಲಿ ಏನು ಮಾತಾಡ್ತಾರೆ ಅಂತ ತಿಳಿಯುವ ಚಪಲ, ಅಷ್ಟೇ. (ಆಮೇಲೆ ತಿಳಿಯಿತು. ಬಹಳ ಸಲ ಅವರು ಮಾತಾಡುತ್ತಿದ್ದದ್ದು ಮಧ್ಯಾಹ್ನ ಊಟಕ್ಕೆ ಏನು ತರಿಸೋದು ಅಂತ.)

ಶುರು ಮಾಡಿದ ಮೊದಲ ತಿಂಗಳು ಏನೂ ಹತ್ತಲಿಲ್ಲ. ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಅನ್ನುವ ಕ್ರಮ ಇದೆ. ಅದನ್ನು ಇಂಗ್ಲಿಷ್ ಥರ ಓದಿದರೆ ಎಲ್ಲ ತಪ್ಪು. ಅಲ್ಲಿ 'ಬಿ' ಅಕ್ಷರ ಬರೆದರೆ ಓದುವುದು ನಮ್ಮ 'ಪ'. 'ಪಿ' ಅಕ್ಷರ ಬರೆದರೆ ಓದುವುದು ಉಸಿರು ಸೇರಿಸಿದ ಪ, ಅಂದರೆ ಮಹಾಪ್ರಾಣ. ಅಪ್ಪನಿಗೆ 'ಪಾಪಾ', ಹೆದರಿಕೆಗೆ ಉಸಿರು ಬಿಟ್ಟ 'ಪ್ಹಾ'. ಇದು ಹೊಳೆದ ದಿನ ಇಂಗ್ಲಿಷ್ ಅಕ್ಷರಗಳನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಳ್ಳಲು ಶುರು ಮಾಡಿದೆ. ಹಾದಿ ಸಲೀಸಾಯಿತು. ತಮಾಷೆ ಅಂದರೆ, 'ಹಾಲು' ಅನ್ನೋಕೆ 'ಆಲು' ಅನ್ನುವ ನಮ್ಮ ಮಂಡ್ಯದ ಬಾಯಿಗೆ ಮಹಾಪ್ರಾಣ ಅಂದರೆ ಅಷ್ಟಕ್ಕಷ್ಟೇ. ಸ್ಕೂಲಿನಲ್ಲಿ ಮೇಷ್ಟ್ರು ಎಷ್ಟು ಹೊಡೆದರೂ ಬಾರದ ಮಹಾಪ್ರಾಣ ಚೀನಾದವರ ದೆಸೆಯಿಂದ ನನಗೆ ಬಂತು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ 'ಙ'ಗೂ ಒಂದು ಉದ್ಯೋಗ ಸಿಕ್ಕಿತು. ಚೀನೀ ಪದಗಳಲ್ಲಿ ಅರ್ಧಕ್ಕರ್ಧ ಮುಗಿಯುವುದೇ ಆ ಧ್ವನಿಯಲ್ಲೇನೋ ಅನ್ನಿಸುತ್ತಿತ್ತು.

ಇನ್ನು ಸ್ವರಗಳು. ಒಂದೇ ಅಕ್ಷರವನ್ನು ನಾಲ್ಕು ರಾಗದಲ್ಲಿ ಹೇಳಿದರೆ ನಾಲ್ಕು ಅರ್ಥ. ಇದು ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ಆದರೆ ನಮ್ಮ 'ಹೂಂ' ನೆನಪಿಸಿಕೊಳ್ಳಿ. ಸಮವಾಗಿ ಅಂದರೆ ಒಪ್ಪಿಗೆ, ಮೇಲಕ್ಕೆಳೆದರೆ "ಹೌದಾ?", ಕೆಳಕ್ಕೆ ಒತ್ತಿದರೆ "ಸಾಕು ನಿಲ್ಲಿಸು". ಅದೇ ಸಂಗತಿ, ಅವರು ಪ್ರತಿ ಪದಕ್ಕೂ ಮಾಡುತ್ತಾರೆ ಅಷ್ಟೇ.

ಕೆಲವು ಕಡೆ ಭಾಷೆಯೇ ನಮ್ಮ ಜೊತೆ ಆಟ ಆಡುತ್ತದೆ. ಚೀನೀಯಲ್ಲಿ 'ನಿ' ಅಂದರೆ ನೀನು. ಕನ್ನಡದ 'ನೀ' ಇದ್ದ ಹಾಗೇ ಇದೆ, ಕಾಕತಾಳೀಯ. ಆದರೆ ಹಿರಿಯರಿಗೆ ಗೌರವ ಕೊಟ್ಟು 'ನೀವು' ಅನ್ನಬೇಕಾದರೆ ಅವರು ಹೇಳುವುದು 'ನಿನ್'. ನಮ್ಮ ಕಿವಿಗೆ ಅದು ನೇರ ಏಕವಚನ! ದೊಡ್ಡವರಿಗೆ 'ನಿನ್' ಅನ್ನುವಾಗ ಇವತ್ತಿಗೂ ನನ್ನ ನಾಲಿಗೆ ಒಂದು ಕ್ಷಣ ತಡೆಯುತ್ತದೆ.

ಈ ಕಲಿಕೆಯಲ್ಲಿ ನನಗೆ ಜೊತೆಯಾದವಳು ಆನ್‌ಲೈನ್‌ನಲ್ಲಿ ಪರಿಚಯವಾದ ಒಬ್ಬಳು. ಅವಳಿಗೆ ಇಂಗ್ಲಿಷ್ ಬೇಕಿತ್ತು, ನನಗೆ ಚೀನೀ. ನನಗಿಂತ ಎರಡು ವರ್ಷ ದೊಡ್ಡವಳು ಅಂತ ಗೊತ್ತಾದ ಕೂಡಲೇ "ಹಾಗಾದರೆ ಅಕ್ಕ ಅನ್ನು" ಅಂದಳು. ಅಕ್ಕನಿಗೆ ಅವರಲ್ಲಿ 'ಚಿಯೆಚಿಯೆ'. ನಾನು ಅವಳಿಗೆ 'ಮೆಯ್‌ಮೆಯ್', ತಂಗಿ. ವಿಚಾಟ್‌ನಲ್ಲಿ ದಿನಾ ಒಂದೆರಡು ಧ್ವನಿ ಸಂದೇಶ. ಅವಳ ಮೊದಲ ಮಾತು ಯಾವಾಗಲೂ ಒಂದೇ: "ಛ್ರ ಲ ಮಾ?" ಊಟ ಆಯ್ತಾ? ಇಂಗ್ಲಿಷಿನಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿದ್ದೇ ಇಲ್ಲ.

ಅದೇ ಏಪ್ರಿಲ್‌ನಲ್ಲಿ ಒಂದು ದಿನ ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದಳು. ನನಗಾಗ ಪೂರ್ತಿ ವಾಕ್ಯ ಬರುತ್ತಿರಲಿಲ್ಲ. "ಪಾಪಾ... ಸ" ಅಂದೆ. ಅಪ್ಪ, ರೇಷ್ಮೆ. ಅವಳಿಂದ ಸ್ವಲ್ಪ ಹೊತ್ತು ಉತ್ತರವೇ ಇಲ್ಲ. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಒಂದು ಸಂದೇಶ ಬಂತು. ಅರ್ಥ ಮಾಡಿಕೊಳ್ಳಲು ಮೂರು ಸಲ ಕೇಳಬೇಕಾಯಿತು. ಅವಳು ನನಗೆ ಸಂತಾಪ ಹೇಳುತ್ತಿದ್ದಳು!

'ಸ' ಅನ್ನುವುದನ್ನು ಸಮವಾಗಿ ಹೇಳಿದರೆ ರೇಷ್ಮೆ. ಇಳಿಸಿ ಏರಿಸಿದರೆ ಸಾವು. ಕೆಳಕ್ಕೆ ಕುಟ್ಟಿದರೆ ನಾಲ್ಕು. ನಾನು ರಾಗ ತಪ್ಪಿ ಅಪ್ಪನನ್ನೇ ಸಾಯಿಸಿದ್ದೆ. ಗಾಬರಿಯಾಗಿ ಕೆಳಗೋಡಿ, ಹುಳು ಮನೆಗೆ ಹೋಗಿ, ತಟ್ಟೆ ತುಂಬ ಸೊಪ್ಪು ಮೇಯುತ್ತಿದ್ದ ಹುಳುಗಳ ಫೋಟೊ ತೆಗೆದು ಕಳಿಸಿದೆ. "ಇದು, ಇದು, ಅಪ್ಪ ಇದು ಮಾಡ್ತಾರೆ."

ಉತ್ತರವಾಗಿ ಅವಳೊಂದು ಧ್ವನಿ ಸಂದೇಶ ಕಳಿಸಿದಳು. ಅದರಲ್ಲಿ ಮಾತೇ ಇರಲಿಲ್ಲ. ಸೋನೆ ಮಳೆ ಎಲೆಗಳ ಮೇಲೆ ಬೀಳುವಂಥ ಸದ್ದು, ಮೂವತ್ತು ಸೆಕೆಂಡು. ಬೇರೆ ಯಾರೇ ಆಗಿದ್ದರೂ ಮಳೆ ಅಂದುಕೊಳ್ಳುತ್ತಿದ್ದರು. ನಾನು ಆ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಅದು. ಅವಳ ಅಮ್ಮನೂ ಹುಳು ಸಾಕುತ್ತಿದ್ದರು.

ಅವಳ ಊರು ದಕ್ಷಿಣ ಚೀನಾದ ಗುವಾಂಗ್ಸಿ ಪ್ರಾಂತ್ಯದಲ್ಲಿ. ವಿಯೆಟ್ನಾಂ ಗಡಿಗೆ ತಾಗಿರುವ ಪ್ರಾಂತ್ಯ. ಚೀನಾದ ರೇಷ್ಮೆ ಅಂದರೆ ನಾವೆಲ್ಲ ಹಾಂಗ್‌ಝೌ, ಸುಝೌ ಅಂತ ಹೆಸರು ಕೇಳಿರುತ್ತೇವೆ. ಅದೆಲ್ಲ ಪೂರ್ವದ ಕಥೆ. ಅಲ್ಲಿ ಫ್ಯಾಕ್ಟರಿಗಳು ಎದ್ದು, ಜಮೀನಿಗೂ ಕೂಲಿಗೂ ಬೆಲೆ ಏರಿದಂತೆ ಹಿಪ್ಪುನೇರಳೆ ತೋಟ ಬಡ ಪ್ರಾಂತ್ಯಗಳ ಕಡೆ ಸರಿಯಿತು. ಸರ್ಕಾರವೂ 2006ರಿಂದ 'ಪೂರ್ವದ ಹಿಪ್ಪುನೇರಳೆ ಪಶ್ಚಿಮಕ್ಕೆ' ಅನ್ನುವ ಯೋಜನೆಯನ್ನೇ ಮಾಡಿತು. ಈಗ ಚೀನಾದಲ್ಲಿ ಅತಿ ಹೆಚ್ಚು ಗೂಡು ಬೆಳೆಯುವ ಪ್ರಾಂತ್ಯ ಗುವಾಂಗ್ಸಿ. ಅತಿ ಹೆಚ್ಚು ಕಬ್ಬು ಬೆಳೆಯುವ ಪ್ರಾಂತ್ಯವೂ ಅದೇ. ಒಂದು ಕಡೆ ಕಬ್ಬಿನ ಗದ್ದೆ, ಪಕ್ಕದಲ್ಲಿ ಹಿಪ್ಪುನೇರಳೆ ಕಡ್ಡಿ. ಅವಳು ಕಳಿಸಿದ ಫೋಟೊ ನೋಡಿದರೆ ಹಿಂದಿನ ಮೊನಚು ಗುಡ್ಡಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಳವಳ್ಳಿ–ಮದ್ದೂರು ರಸ್ತೆ.

ಆವತ್ತಿನಿಂದ ನಮ್ಮ ಪಾಠದ ದಾರಿ ಬದಲಾಯಿತು. ಏರ್‌ಪೋರ್ಟ್, ಹೋಟೆಲ್, ಟ್ಯಾಕ್ಸಿ ಅಂತ ಪುಸ್ತಕದಲ್ಲಿದ್ದ ಪಾಠಗಳನ್ನು ಬಿಟ್ಟು ಹುಳು ಮನೆಯ ಮಾತು ಕಲಿಯತೊಡಗಿದೆವು.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ ಅನ್ನುವುದು ರೇಷ್ಮೆ ಊರಿನವರಿಗೆಲ್ಲ ಗೊತ್ತು. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ನಾವು "ಜ್ವರಕ್ಕೆ ಕೂತವೆ" ಅಂತೀವಿ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಅವರು ಅದಕ್ಕೆ ನಿದ್ದೆ ಅಂತಾರೆ. ಮೊದಲ ನಿದ್ದೆ, ಎರಡನೇ ನಿದ್ದೆ, ಮೂರನೇ ನಿದ್ದೆ. ನಾಲ್ಕನೆಯದು 'ದೊಡ್ಡ ನಿದ್ದೆ'. ಹುಳುವಿಗೆ ಪ್ರೀತಿಯಿಂದ 'ತ್ಸಾನ್ ಪಾವ್‌ಪಾವ್' ಅನ್ನುತ್ತಾರೆ, ರೇಷ್ಮೆ ಪಾಪು ಅಂತ. ನಾವು ಜ್ವರ ಅಂತೀವಿ ಅಂದಾಗ ಅವಳು "ಪಾಪ, ಮಕ್ಕಳಿಗೆ ಜ್ವರ ಬಂದರೆ ನಿಮ್ಮಮ್ಮನಿಗೆ ಭಯ ಆಗಲ್ವಾ?" ಅಂದಳು. ನಾನು ಯೋಚಿಸಿದೆ. ಭಯ ಆಗುತ್ತದೆ. ಹುಳು ಜ್ವರಕ್ಕೆ ಕೂತ ರಾತ್ರಿ ಅಮ್ಮ ಎರಡು ಸಲವಾದರೂ ಎದ್ದು ಹೋಗಿ ನೋಡುತ್ತಾರೆ.

ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವುದಕ್ಕೆ ಅವರು 'ಷಾಙ್ ಷಾನ್' ಅನ್ನುತ್ತಾರೆ. ಬೆಟ್ಟ ಹತ್ತುವುದು. ಹಿಂದೆ ಹುಲ್ಲಿನ ಮೆದೆಗಳ ಮೇಲೆ ಹುಳು ಹತ್ತಿಸುತ್ತಿದ್ದರಂತೆ, ಅದಕ್ಕೆ ಆ ಹೆಸರು. ನಾವು ಚಂದ್ರಿಕೆಗೆ ಬಿಡುತ್ತೇವೆ. ಚಂದ್ರಿಕೆ ಅಂದರೆ ಬೆಳದಿಂಗಳು ಅಂತಲೂ ಅರ್ಥ ಅಂದಾಗ ಅವಳಿಗೆ ಬಹಳ ಇಷ್ಟವಾಯಿತು. ಅವರ ಹುಳು ಬೆಟ್ಟಕ್ಕೆ, ನಮ್ಮದು ಬೆಳದಿಂಗಳಿಗೆ.

ಸಂಬಂಧದ ಹೆಸರುಗಳನ್ನು ಕಲಿಯೋದು ನನಗೆ ನೀರು ಕುಡಿದಷ್ಟು ಸುಲಭವಾಯಿತು. ಇಂಗ್ಲಿಷಿನವರು ಎಲ್ಲರನ್ನೂ 'ಅಂಕಲ್' ಚೀಲಕ್ಕೆ ತುಂಬುತ್ತಾರೆ. ಚೀನೀಯಲ್ಲಿ ದೊಡ್ಡಪ್ಪನಿಗೆ ಬೇರೆ, ಚಿಕ್ಕಪ್ಪನಿಗೆ ಬೇರೆ, ಸೋದರಮಾವನಿಗೆ ಬೇರೆ ಹೆಸರು. ಸೋದರತ್ತೆಗೆ 'ಕೂಕು'. ಹಾಗಂತ ಎಲ್ಲವೂ ನಮ್ಮಂತೆಯೇ ಅಂದುಕೊಳ್ಳಬೇಡಿ. ನಮ್ಮಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು ಅಂತ ಹೇಳಿದ ದಿನ ಚಿಯೆಚಿಯೆ ಬೆಚ್ಚಿಬಿದ್ದಳು. ಅವರಲ್ಲಿ ಅತ್ತೆ ಮಾವನ ಮಕ್ಕಳ ಮದುವೆಗೂ ಕಾನೂನಿನ ತಡೆ ಇದೆ. "ಕೇಳಬಾರದಿತ್ತಾ?" ಅಂತ ಮೂರು ಸಲ ಕ್ಷಮೆ ಕೇಳಿದಳು. ನಾನೂ ಮೊದಲ ಸಲ ಆ ವಿಷಯವನ್ನು ಹೊರಗಿನವಳಾಗಿ ನೋಡಿದೆ.

ಅವಳ ಬಗ್ಗೆ ನಾನು ತಿಳಿದುಕೊಂಡ ಇನ್ನೊಂದು ಸಂಗತಿ: ಅವಳ ಮನೆಮಾತು ಚೀನೀ ಅಲ್ಲವೇ ಅಲ್ಲ. ಅವರು ಝುವಾಂಗ್ ಜನ. ಚೀನಾದ ಅಲ್ಪಸಂಖ್ಯಾತ ಜನಾಂಗಗಳಲ್ಲಿ ಅತಿ ದೊಡ್ಡದು ಅದು, ಅವರಿಗೆ ಅವರದೇ ಭಾಷೆ ಇದೆ. ಅವಳು ಚೀನೀ ಕಲಿತಿದ್ದು ಶಾಲೆಯಲ್ಲಿ. ಶೆನ್ಜೆನ್‌ಗೆ ಕೆಲಸಕ್ಕೆ ಹೋದ ಹೊಸದರಲ್ಲಿ ಅವಳ ಉಚ್ಚಾರಣೆ ಕೇಳಿ ಜೊತೆಯವರು ನಗುತ್ತಿದ್ದರಂತೆ. ಬೆಂಗಳೂರಿನ ಆಫೀಸಿನಲ್ಲಿ ನನ್ನ 'ಆಲು', 'ಓಗು' ಕೇಳಿ ನಕ್ಕವರ ಮುಖ ನನಗೆ ನೆನಪಾಯಿತು.

ಇದ್ಯಾವುದನ್ನೂ ಅಪ್ಪನಿಗೆ ಹೇಳಲಿಲ್ಲ. ಹೇಳೋಣ, ಹೇಳೋಣ ಅಂತ ಎರಡು ತಿಂಗಳು ಕಳೆದೆ.

ಅಷ್ಟರಲ್ಲಿ ಜೂನ್ 15 ಬಂತು. ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಟಿವಿಯಲ್ಲಿ ಅವರ ಮನೆಗಳನ್ನು ತೋರಿಸುತ್ತಿದ್ದರು. ಅಮ್ಮ ನೋಡಲಾಗದೆ ಎದ್ದುಹೋದರು. ಜೂನ್ 29ರಂದು ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು, ವಿಚಾಟ್ ಕೂಡ ಅದರಲ್ಲಿತ್ತು. ಸ್ವಲ್ಪ ದಿನಕ್ಕೆ ನನ್ನ ಫೋನಿನಲ್ಲಿ ಅದು ನಿಂತೇಹೋಯಿತು. ಅಪ್ಪ "ಸದ್ಯ, ಒಳ್ಳೇದಾಯ್ತು" ಅಂದರು. ನಾನು "ಹೂಂ" ಅಂದೆ, ಸಮವಾದ ರಾಗದಲ್ಲಿ.

ಕಲಿಕೆಯ ನೋಟ್‌ಬುಕ್ಕನ್ನು ಬೀರುವಿನ ಅಡಿಗೆ ತಳ್ಳಿದೆ. ಸಿಟ್ಟಿತ್ತು, ನಾಚಿಕೆಯೂ ಇತ್ತು. ಮಡಿದ ಹುಡುಗರಲ್ಲಿ ಬಹಳ ಮಂದಿ ನನಗಿಂತ ಚಿಕ್ಕವರು. ಅಂಥ ಹೊತ್ತಿನಲ್ಲಿ ಆ ದೇಶದ ಹೆಂಗಸೊಬ್ಬಳ ಜೊತೆ "ಊಟ ಆಯ್ತಾ" ಅಂತ ಹರಟುವುದು ಸರಿಯಾ? ಉತ್ತರ ಸಿಗಲಿಲ್ಲ. ಅದಕ್ಕೇ ಪ್ರಶ್ನೆಯನ್ನೇ ಮುಚ್ಚಿಟ್ಟೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಅವಳ ಇಮೇಲ್ ವಿಳಾಸ ನನ್ನ ಹತ್ತಿರ ಇತ್ತು. ಹಿಂದೊಮ್ಮೆ ನಮ್ಮ ಗೂಡಿನ ಫೋಟೊಗಳನ್ನು ಅವಳಿಗೆ ಮೇಲ್ ಮಾಡಿದ್ದೆ. ನಿಷೇಧ ಆಗಿದ್ದು ಆ್ಯಪ್‌ಗೆ, ನನ್ನ ಕೈಗಲ್ಲ. ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಯಾರಾದರೂ ಕೇಳಿದರೆ "ಆ್ಯಪ್ ಬ್ಯಾನ್ ಆಯ್ತಲ್ಲ, ಏನು ಮಾಡೋದು" ಅನ್ನುತ್ತಿದ್ದೆ. ಚೀನೀಯಲ್ಲಿ ನಾಲ್ಕಕ್ಷರದ ಒಂದು ನುಡಿಗಟ್ಟಿದೆ: ಗೂಡು ಕಟ್ಟಿ ತನ್ನನ್ನೇ ಬಿಗಿದುಕೊಳ್ಳುವುದು ಅಂತ ಅರ್ಥ. ನಮ್ಮ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ತನ್ನ ನೂಲಿನಲ್ಲಿ ತಾನೇ ಸಿಕ್ಕಿಬೀಳುವ ಹುಳುವಿನ ಮಾತನ್ನು ವಚನದಲ್ಲಿ ತಂದಿದ್ದಾಳೆ. ನನ್ನ ಗೂಡೂ ನಾನೇ ಕಟ್ಟಿಕೊಂಡದ್ದು.

2021ರಲ್ಲಿ ನನಗೆ ಮದುವೆಯಾಯಿತು, ಮದ್ದೂರಿನ ಹುಡುಗ. ಮರುವರ್ಷ ಮಗಳು ಹುಟ್ಟಿದಳು. ಬಾಣಂತನಕ್ಕೆ ತವರಿಗೆ ಬಂದೆ. ಅಮ್ಮ ಕಿವಿಗೆ ಬಟ್ಟೆ ಕಟ್ಟಿ, ತಣ್ಣೀರು ಮುಟ್ಟಬೇಡ ಅಂತ ಗದರಿಸಿ, ದಿನಾ ಬೆಳಿಗ್ಗೆ ಒಣಶುಂಠಿ ಬೆಲ್ಲ ಕುಟ್ಟಿ ಕೊಡುತ್ತಿದ್ದರು. ಒಂದು ದಿನ ಅದನ್ನು ಬಾಯಿಗೆ ಹಾಕಿಕೊಂಡಾಗ ಚಿಯೆಚಿಯೆಯ ದನಿ ನೆನಪಾಯಿತು. ಅವರಲ್ಲಿ ಬಾಣಂತನಕ್ಕೆ 'ತಿಂಗಳು ಕೂರುವುದು' ಅಂತಾರೆ. ತಣ್ಣೀರು ಕೂಡದು, ಗಾಳಿ ಕೂಡದು. ಕುಡಿಯೋಕೆ 'ಹುಙ್ ಥಾಙ್' ಹಾಕಿದ ಬಿಸಿನೀರು. ಹುಙ್ ಥಾಙ್ ಅಂದರೆ ಕೆಂಪು ಸಕ್ಕರೆ, ಅಂದರೆ ನಮ್ಮ ಬೆಲ್ಲದ ತಂಗಿ. "ನಿನಗೆ ಮಗುವಾದಾಗ ನಾನು ಕಳಿಸ್ತೀನಿ" ಅಂದಿದ್ದಳು. ಮಂಡ್ಯಕ್ಕೆ ಸಕ್ಕರೆ ಕಳಿಸ್ತೀಯಾ ಅಂತ ನಾನು ನಕ್ಕಿದ್ದೆ. ಸಕ್ಕರೆ ಕಾಯಿಸುವ ವಿದ್ಯೆ ಕಲಿತು ಬರಲಿ ಅಂತ 7ನೇ ಶತಮಾನದಲ್ಲಿ ತಾಂಗ್ ದೊರೆ ತನ್ನ ಜನರನ್ನು ನಮ್ಮ ಮಗಧಕ್ಕೆ ಕಳಿಸಿದ್ದ ಅನ್ನುವುದು ಚೀನಾದ ಚರಿತ್ರೆಯಲ್ಲೇ ದಾಖಲಾಗಿದೆ. ರೇಷ್ಮೆ ಅಲ್ಲಿಂದ ಲೋಕಕ್ಕೆ ಹೊರಟಿತು, ಸಕ್ಕರೆ ಇಲ್ಲಿಂದ ಅಲ್ಲಿಗೆ ಹೋಯಿತು.

ಆಗಲೂ ಮೇಲ್ ಬರೆಯಲಿಲ್ಲ. ಎರಡು ವರ್ಷ ಸುಮ್ಮನಿದ್ದವಳು ಈಗ ಏನಂತ ಬರೆಯಲಿ?

2023ರ ಮೇ ತಿಂಗಳಲ್ಲಿ ಅವಳೇ ಬರೆದಳು. ಉದ್ದದ ಪತ್ರವಲ್ಲ. ವಿಷಯದ ಜಾಗದಲ್ಲಿ "ಮೆಯ್‌ಮೆಯ್". ಒಳಗೆ ಎರಡು ಸಾಲು: ಊಟ ಆಯ್ತಾ? ನಮ್ಮ ಹುಳು ದೊಡ್ಡ ನಿದ್ದೆಯಲ್ಲಿವೆ, ನಿಮ್ಮವು?

ಮದ್ದೂರಿನ ಮನೆಯಲ್ಲಿ ಅಡುಗೆಮನೆ ಕಟ್ಟೆಗೆ ಒರಗಿ ನಿಂತು ಅತ್ತೆ. ಅತ್ತೆಯವರು ಗಾಬರಿಯಾಗಿ "ಯಾಕವ್ವ, ಯಾರಿಗೇನಾಯ್ತು?" ಅಂದರು. ಏನಂತ ಹೇಳಲಿ? "ಯಾರಿಗೂ ಏನೂ ಆಗಿಲ್ಲ ಅತ್ತೆ" ಅಂದೆ. ಅದು ನಿಜವೇ ಆಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಅವಳು ಮೂರು ವರ್ಷ ನನ್ನ ಬಗ್ಗೆ ಕೆಟ್ಟದ್ದೇನೂ ಅಂದುಕೊಳ್ಳದೆ ಕಾದಿದ್ದಳು, ಅಷ್ಟೇ. ಕ್ಷಮೆ ಕೇಳಿ ಬರೆದೆ. "ಮೆಯ್ ಷ್ರ" ಅಂತ ಉತ್ತರ ಬಂತು. ಏನೂ ಪರವಾಗಿಲ್ಲ.

ಮುಂದಿನ ಭಾನುವಾರ ಊರಿಗೆ ಹೋಗಿ ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. 2020ರಿಂದ ಮುಚ್ಚಿಟ್ಟದ್ದು, ಅವಳ ಅಮ್ಮ ಹುಳು ಸಾಕೋದು, ಎಲ್ಲ. ಬೈತಾರೆ ಅಂದುಕೊಂಡಿದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಮೊಟ್ಟೆ ಮೇಯಿಸ್ತಾರಂತೆ?"

ಆಮೇಲೊಂದು ದಿನ ವಿಡಿಯೊ ಕಾಲ್ ಹಚ್ಚಿದೆ. ಆ ಕಡೆ ಅವಳು, ಅವಳ ಅಮ್ಮ. ಈ ಕಡೆ ನಾನು, ಅಪ್ಪ, ಹಿಂದೆ ಇಣುಕುತ್ತಾ ಅಮ್ಮ. ಅವರಮ್ಮ ಝುವಾಂಗ್‌ನಲ್ಲಿ ಹೇಳಬೇಕು, ಅವಳು ಅದನ್ನು ಚೀನೀಗೆ ತರಬೇಕು, ನಾನದನ್ನು ಮಳವಳ್ಳಿ ಕನ್ನಡಕ್ಕೆ ಇಳಿಸಬೇಕು. ಒಂದು ಮಾತು ಆಕಡೆಯಿಂದ ಈಕಡೆಗೆ ಬರೋಕೆ ಒಂದು ನಿಮಿಷ. ಆದರೂ ಇಬ್ಬರಿಗೂ ಅವಸರವಿರಲಿಲ್ಲ. ಅಪ್ಪ ಫೋನ್ ಹಿಡಿದುಕೊಂಡು ಹುಳು ಮನೆಯೊಳಗೆ ನಡೆದರು, ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪೌಡರ್ ಮೇಲೆ ಕಾಲಿಟ್ಟು. ಅದನ್ನು ನೋಡಿ ಅವರಮ್ಮ ತಲೆಯಾಡಿಸಿದರು. ಅವರ ಸೀಮೆಯಲ್ಲೂ ಹುಳು ಇರುವಾಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ.

ಊಜಿ ನೊಣದ ಕಾಟ ಇದೆಯಾ? ಇದೆ. ಮಳೆಗಾಲದಲ್ಲಿ ಒದ್ದೆ ಸೊಪ್ಪಿಗೆ ಏನು ಮಾಡ್ತೀರಿ? ಅದೇ ಕಷ್ಟ. ಮಕ್ಕಳು ಮುಂದುವರಿಸ್ತಾರಾ? ಈ ಪ್ರಶ್ನೆಗೆ ಅವರಮ್ಮ ಉತ್ತರಿಸಲಿಲ್ಲ, ಪಕ್ಕದಲ್ಲಿದ್ದ ಮಗಳ ಕಡೆ ನೋಡಿದರು. ಅಪ್ಪ ನನ್ನ ಕಡೆ ನೋಡಿದರು. ಅದನ್ನು ಅನುವಾದ ಮಾಡಬೇಕಾಗಲಿಲ್ಲ.

ಕೊನೆಗೆ ಅಪ್ಪ ಕೇಳಲೇಬೇಕಾದದ್ದನ್ನು ಕೇಳಿದರು. "ಗೂಡಿಗೆ ಎಷ್ಟು ಸಿಕ್ತಂತೆ ಈ ಸಲ?" ಆ ಕಡೆಯಿಂದ ಬಂದ ಅಂಕಿಯನ್ನು ರೂಪಾಯಿಗೆ ಪರಿವರ್ತಿಸಿ, ಕೆ.ಜಿ.ಗೆ ಇಷ್ಟು ಅಂತ ಹೇಳಿದೆ. ಅಪ್ಪನ ಮುಖ ಬದಲಾಯಿತು. "ಅಷ್ಟೇನಾ? ಅದರಲ್ಲಿ ಕೂಲಿ ಕಳೆದು ಆವಮ್ಮನಿಗೆ ಏನು ಮಿಕ್ತದೆ?"

ಚೀನಾದವರು ಅಂತಿದ್ದದ್ದು ಅಪ್ಪನ ಬಾಯಲ್ಲಿ ಆವಮ್ಮ ಆಗಿತ್ತು.

ಎರಡು ದಿನ ಅಪ್ಪ ಅದೇ ಗುಂಗಿನಲ್ಲಿದ್ದರು. ಟೀ ಅಂಗಡಿಯಲ್ಲೂ ಹೇಳಿದರಂತೆ. "ಅಲ್ಲಿ ಬೆಳೆಯೋರಿಗೂ ಏನೂ ಗಿಟ್ಟಲ್ಲ ಕನ್ರಲಾ. ಮಧ್ಯದೋರು ತಿಂತಾರೆ." ಯಾರೋ "ಅವರಿಂದಲೇ ಅಲ್ವಾ ನಮ್ಮ ಬೆಲೆ ಬಿದ್ದಿದ್ದು?" ಅಂದಿದ್ದಕ್ಕೆ, "ಸುಂಕ ಇಳಿಸಿದ್ದು ಆವಮ್ಮನಾ?" ಅಂತ ಕೇಳಿದರಂತೆ. ಅಮ್ಮ ಫೋನಿನಲ್ಲಿ ಇದನ್ನು ಹೇಳುವಾಗಲೇ ನನಗೆ ಎದೆ ಧಸಕ್ ಅಂದದ್ದು. ಚೀನಾದಲ್ಲಿ ರೈತರು ತೂಕ ಹೇಳುವುದು ಕೆ.ಜಿ.ಯಲ್ಲಲ್ಲ, 'ಚಿನ್'ನಲ್ಲಿ. ಒಂದು ಚಿನ್ ಅಂದರೆ ಅರ್ಧ ಕೆ.ಜಿ. ಅವಳು ಚಿನ್ ಅಂದಿದ್ದಳು, ನಾನು ಕೆ.ಜಿ. ಅಂದುಬಿಟ್ಟಿದ್ದೆ. ಆವಮ್ಮನಿಗೆ ಸಿಕ್ಕಿದ್ದು ನಾನು ಹೇಳಿದ್ದಕ್ಕೆ ಸರಿಯಾಗಿ ಎರಡರಷ್ಟು!

ಹೇಳದೆ ಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ಅಪ್ಪನ ಮರುಕ ಚೆನ್ನಾಗಿತ್ತು, ಅದನ್ನು ಯಾಕೆ ಕೆಡಿಸಲಿ? ಆದರೆ ಮುಚ್ಚಿಟ್ಟು ಮೂರು ವರ್ಷ ಕಳೆದವಳಿಗೆ ಅದರ ರುಚಿ ಗೊತ್ತಿತ್ತು. ಫೋನ್ ಮಾಡಿ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕರು. "ಎರಡು ದಿನ ಸುಮ್‌ಸುಮ್ನೆ ಮರುಗಿದ್ನಲ್ಲವ್ವ!" ಒಂದಷ್ಟು ಹೊತ್ತು ಬಿಟ್ಟು, "ಸಿಗ್ಲಿ ಬಿಡು. ಹುಳ ಸಾಕೋ ಕಷ್ಟ ಒಂದೇ" ಅಂದರು.

ಚೀನಾ ರೇಷ್ಮೆ ಅಂದರೆ ಅಪ್ಪನಿಗೆ ಇವತ್ತಿಗೂ ಸಿಟ್ಟಿದೆ. ಆಮದು ಜಾಸ್ತಿಯಾಯ್ತು ಅನ್ನುವ ಸುದ್ದಿ ಬಂದರೆ ಪೇಪರ್ ಮಡಚಿ ಎಸೆಯುತ್ತಾರೆ. ಅದು ಇರಬೇಕಾದ ಸಿಟ್ಟೇ. ಅಮ್ಮನ ಕೊರಳಿಗೆ ಸರ ವಾಪಸ್ ಬಂದಿಲ್ಲ. ಗಡಿಯಲ್ಲಿ ಹೋದ ಜೀವಗಳೂ ವಾಪಸ್ ಬರುವುದಿಲ್ಲ. ಒಂದು ಭಾಷೆಯ ನಾಲ್ಕು ಮಾತು ಕಲಿತರೆ ಇದೆಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಸಿಟ್ಟು ಯಾರ ಮೇಲೆ ಮಾಡಬೇಕು, ಯಾರ ಮೇಲೆ ಬೇಡ ಅನ್ನುವುದು ಮಾತ್ರ ಸ್ವಲ್ಪ ನಿಚ್ಚಳವಾಗುತ್ತದೆ.

ನನ್ನ ಚೀನೀ ಈಗಲೂ ಅಷ್ಟಕ್ಕಷ್ಟೇ. ಪೇಪರ್ ಓದೋಕೆ ಬರುವುದಿಲ್ಲ, ಸಿನಿಮಾ ಅರ್ಧ ಅರ್ಥವಾಗುತ್ತದೆ. ಆದರೆ ಸೊಪ್ಪು, ಹುಳು, ಮಳೆ, ಕೂಲಿ, ಊಟ, ಬಾಣಂತನ ಇವುಗಳ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ನೀವೂ ಯಾವುದಾದರೂ ಭಾಷೆ ಕಲಿಯಲು ಹೊರಟಿದ್ದರೆ ಏರ್‌ಪೋರ್ಟ್ ಪಾಠ ಆಮೇಲೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ದಿನಾ ಆಡುವ ಹತ್ತು ಮಾತು ಅವರಲ್ಲಿ ಹೇಗೆ ಅಂತ ಮೊದಲು ಕೇಳಿ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಮಗಳು ಅಜ್ಜನ ತೊಡೆ ಮೇಲಿದ್ದಳು. ನಾನು ಫೋನಿನಲ್ಲಿ ಟೈಪ್ ಮಾಡುತ್ತಿದ್ದುದನ್ನು ನೋಡಿ ಅಪ್ಪ ಕೇಳಿದರು:

"ಆವಮ್ಮನ ಹುಳ ನಾಲ್ಕನೇ ಜ್ವರ ಎದ್ದವಂತಾ, ಕೇಳು."

ನಾನು ಬರೆದೆ: ದೊಡ್ಡ ನಿದ್ದೆಯಿಂದ ಪಾಪುಗಳು ಎದ್ದವಾ?